ಶಹಾಬಾದ ಬಜಾರದಾಗ ಸಣ್ಣ ರೈಲು

ನಮ್ಮ ಶಹಾಬಾದ ಬಜಾರದಾಗ ದಿನಾ ಒಂದು ನಗಿ ಹುಟ್ಟೇ ಹುಟ್ಟತದ. ಎತ್ತಿನ ಗಾಡಿ ಎದುರುಬದುರಾದ್ರ ಎರಡು. ಸ್ಟೇಷನ್ನಿನಿಂದ ಕಲ್ಲಿನ ಖಣಿತನಕ ಬಜಾರದಾಗೇ ಮಂದಿ ಕುಂದ್ರೋ ಸಣ್ಣ ರೈಲು ಹಾಕ್ತಾರಂತ ಅಳತಿ ಸಾಹೇಬರು ಬಂದ ಮ್ಯಾಲಂತೂ ನನಗ ಸಾಲಿಗೆ ಹೋಗಾಕ ಪುರಸತ್ತೇ ಸಿಗಲಿಲ್ಲ.

೧. ಎಲ್ಲರಿಗೂ ಬೇಕು

ಸಾಹೇಬರು ಮಂದೀನ ಕೂಡಿಸಿ ಕೇಳಿದರು, "ರೈಲು ಬೇಕೇನ್ರಿ?"

ಹಜಾಮತಿ ಅಂಗಡಿಯವ ಮೊದಲು ಎದ್ದ. "ಬೇಕ್ರಿ. ನಮ್ಮ ಅಂಗಡಿ ಮುಂದೇ ನಿಂದ್ರಬೇಕು."

"ಹಂಗಾದ್ರ ನಿನ್ನ ಕಟ್ಟಿ ಒಡದು ಹಳಿ ಹಾಕಬೇಕಲ್ಲಪಾ."

"ಹಳಿ ಹಿಂದಿನ ಓಣ್ಯಾಗ ಹಾಕ್ರಿ. ರೈಲಷ್ಟೇ ಈ ಕಡಿ ಬರಲಿ."

೨. ಓಣಿಯ ಅಗಲ

ಟೇಪಿನ ತುದಿ ನನ್ನ ಕೈಗೆ ಕೊಟ್ಟು ಸಾಹೇಬರು ಆ ಕಡಿ ನಿಂತರು. ನಡುವ ಮಂದಿ ಗದ್ದಲ. ನಾ ಅವರಿಗೆ ಕಾಣಲಿಲ್ಲ. ತುದೀನ ಓಣಿಗುಂಟ ಹೊಂಟಿದ್ದ ಎಮ್ಮಿ ಕೋಡಿಗೆ ಸಿಗಿಸಿದೆ.

"ಹತ್ತು ಫೂಟು... ಹದಿನೆಂಟು... ಮೂವತ್ತು," ಅಂತ ಓದಿ ಸಾಹೇಬರು ಖುಷಿಯಾದರು. "ನೋಡಾಕಷ್ಟೇ ಇಕ್ಕಟ್ಟು. ಓಣಿ ಭಾಳ ಅಗಲ ಅದ."

೩. ಕೆಂಪು ಗುರ್ತು

ಆ ಅಳತಿ ನಂಬಿ ಸಾಹೇಬರು ರೈಲು ಬಜಾರದಾಗೇ ಅಂತ ಖಾಯಂ ಮಾಡಿ, ಮುಂದ ಚಾಚಿ ಹಳಿಗೆ ಅಡ್ಡ ಬರೋ, ಕೆಡವೋ ಗ್ವಾಡಿಗೆಲ್ಲ ಕೆಂಪು ಗುರ್ತು ಹಾಕಿದರು. ಮೊದಲ ಗುರ್ತು ಬಿದ್ದದ್ದು ಒಂಟಿ ಮುದುಕಿ, ಚಾ ಅವ್ವನ ಹೋಟೆಲಿಗೆ. ಅದು ಬಿಟ್ಟರ ಅಕೀಗಿ ಬ್ಯಾರೆ ಗತಿಯಿಲ್ಲ. ಆದರೂ ಸಾಹೇಬರಿಗೆ ಚಾ ಕೊಟ್ಟು ಅಂದಳು, "ಕುಡೀರಿ, ನಿಮ್ದೂ ಹೊಟ್ಟಿಪಾಡು."

ನನಗ ಅವತ್ತು ನಗಿ ಬರಲಿಲ್ಲ.

ನಮ್ಮಲ್ಲಿ ಗ್ವಾಡಿ ಅಂದ್ರ ಸಾಲಾಗಿ ನಿಲ್ಲಿಸಿದ ಚಪ್ಪಟಿ ಪರಸಿಕಲ್ಲು, ಗಚ್ಚಿಲ್ಲ, ಸುಣ್ಣಿಲ್ಲ. ಮಧ್ಯಾಹ್ನ ಸಾಹೇಬರು ಉಂಡು ಮಲಗಿದಾಗ, ಅವ್ವನ ಗ್ವಾಡಿಯ ಗುರ್ತಿನ ಕಲ್ಲು ಕಿತ್ತು ಎದುರಿನ ಕಿರಾಣಿ ಗ್ವಾಡಿಗೆ ಒರಗಿಸಿ, ಕಿರಾಣಿಯವರ ಗುರ್ತಿಲ್ಲದ ಕಲ್ಲೊಂದು ಇಲ್ಲಿ ನಿಲ್ಲಿಸಿದೆ. ಕಿರಾಣಿ ಶೇಟ ಅದನ್ನ ಟೇಲರ್ ಕಡಿ ದಾಟಿಸಿದ. ಟೇಲರ್ ಹಜಾಮನ ಕಡಿ. ಇದನ್ನ ನೋಡಿ ಗುರ್ತು ಬಿದ್ದವರೆಲ್ಲ ತಮ್ಮ ತಮ್ಮ ಕಲ್ಲು ಎತ್ತಿದರು. ಊರಾಗ ಎಚ್ಚರಿಲ್ಲದವರು ಸಾಹೇಬರೊಬ್ಬರೇ; ಕಲ್ಲೆಲ್ಲ ಅವರು ಮಲಗಿದ್ದ ಬಜಾರದ ಕೋಲಿ ಬಾಗಲಿಗೇ ಬಂದು ನಿಂತವು.

ಅಷ್ಟರಾಗ ದೊಡ್ಡ ಸಾಹೇಬರ ಕಾರು ಬಂತು. ಕುಂತಲ್ಲಿಂದಲೇ ನೋಡಿ ಕೇಳಿದರು, "ಏನ್ರೀ, ರೈಲು ನಿಮ್ಮ ಕೋಲಿಗೇ ಬರ್ತದೇನು?"

ಅಳತಿ ಸಾಹೇಬರು ಕಣ್ಣು ತಿಕ್ಕೊಂಡು ಕಲ್ಲು ನೋಡಿದರು, ನಮ್ಮನ್ನ ನೋಡಿದರು, ಅವ್ವನ್ನ ನೋಡಿದರು. "ಬ್ಯಾರೆ ಕಡಿ ಜಾಗಾ ಇಲ್ರಿ. ಓಣಿ ಭಾಳ ಇಕ್ಕಟ್ಟು."

"ಅಗಲ ಅದ ಅಂತ ನೀವೇ ಬರದೀರಲ್ಲ," ಅಂತ ದೊಡ್ಡ ಸಾಹೇಬರು ಇಳಿಯಾಕ ಕಾರಿನ ಬಾಗಲಾ ನೂಕಿದರು. ಅದು ಗ್ವಾಡಿಗೆ ಬಡದು ಗೇಣಷ್ಟೇ ತೆರೀತು. ಆ ಕಡಿ ನೂಕಿದರು, ಅಲ್ಲೂ ಗೇಣು.

ಅವ್ವ ಕೊಟ್ಟ ಚಾ ಆ ಗೇಣಿನ್ಯಾಗಿಂದೇ ತಗೊಂಡು, ಕುಂತಲ್ಲೇ ಬರದರು: ಹಳಿ ಊರ ಹೊರಗಿಂದ.