ಹಂಡೆಯ ತಳದ ಕಂದು ಗೆರೆ

ಜನ ಪಾತ್ರೆಯ ಒಳಗಿರುವುದನ್ನು ನೋಡುತ್ತಾರೆ. ನಾನು ಪಾತ್ರೆಗೆ ಅಂಟಿಕೊಂಡದ್ದನ್ನು ನೋಡಿ ಸಂಬಳ ತೆಗೆದುಕೊಂಡವನು. ಕರಾವಳಿಯ ಒಂದು ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಕೊಳವೆಗಳಲ್ಲಿ, ಗ್ಯಾಸಿನ ಟ್ಯಾಂಕುಗಳಲ್ಲಿ ಕಟ್ಟಿಕೊಂಡ ಮಡ್ಡಿ ಬಾಟಲಿ ತುಂಬಿ ನನ್ನ ಮೇಜಿಗೆ ಬರುತ್ತಿತ್ತು. ಅದರ ಎಣ್ಣೆ ಬಿಡಿಸಬೇಕು, ಉಳಿದದ್ದನ್ನು ಸುಡಬೇಕು, ಬೂದಿಗೆ ಆಸಿಡ್ ಹಾಕಿ ತುಕ್ಕೋ ಮರಳೋ ಎಂದು ಹೇಳಬೇಕು. ಏನೇ ಸಿಕ್ಕಲಿ, ವರದಿಯ ಕೊನೆಯ ಸಾಲು ಒಂದೇ: ಕೂಡಲೇ ಕೆರೆದು ತೆಗೆಯಿರಿ. "ಊರೋರೆಲ್ಲ ಹೊಲ ಗೇಯ್ತಾರೆ, ನೀವು ಕೊಳೆ ಗೇಯ್ತೀರ" ಎಂದು ನನ್ನ ಹೆಂಡತಿ ಭಾಗ್ಯ ನಗುತ್ತಿದ್ದಳು.

ಭಾಗ್ಯ ಹೋಗಿ ವರ್ಷವಾಗುತ್ತ ಬಂತು. ತಿಥಿಗೆ ನೆಂಟರು ಬರುತ್ತಾರೆಂದು ಮನೆ ಅಣಿ ಮಾಡಲು ತಂಗಿ ಜಯಮ್ಮ ಹುಣಸೂರಿನಿಂದ ನಮ್ಮೂರು ಹಾರನಹಳ್ಳಿಗೆ ಬಂದಳು. ಬಂದವಳು ಮೊದಲು ಬಗ್ಗಿ ನೋಡಿದ್ದು ಬಚ್ಚಲ ಹಂಡೆಯನ್ನು.

"ಅಣ್ಣಯ್ಯ, ಇದು ಅಂಡೆನೋ ಸುಣ್ಣದ ಗೂಡೋ? ಹೊರೆ ಸೌದೆ ಉರುದ್ರೂ ನೀರು ಕಾಯಲ್ಲ ಕಣ. ಉಳಿ ಎಲ್ಲೈತೆ?"

"ತಡಿ, ಮೊದ್ಲು ಸ್ಯಾಂಪಲ್ ತಕ್ಕೋಬೇಕು."

"ತಕ್ಕೋ ಬುಡು. ಕೊಳೆ ಎಲ್ಲಿಗೂ ಓಡೋಗಲ್ಲ."

ಹಂಡೆಯ ತಳದಿಂದ ಒಂದು ಹಕ್ಕಳೆ ಎಬ್ಬಿಸಿಕೊಂಡು ಜಗಲಿಯ ಎಳೆಬಿಸಿಲಿನಲ್ಲಿ ಕೂತೆ. ಅಂಚು ತಿರುಗಿಸಿ ನೋಡಿದರೆ ದಪ್ಪ ಬಿಳುಪು, ಮೇಲೊಂದು ಕೂದಲೆಳೆಯಂಥ ಕಂದು ಗೆರೆ, ಮತ್ತೆ ದಪ್ಪ ಬಿಳುಪು, ಮತ್ತೆ ಗೆರೆ. ನಿಂಬೆರಸ ಹಿಂಡಿದೆ. ಬಿಳುಪು ನೊರೆಯಾಗಿ ಕರಗಿತು: ಬೋರಿನ ನೀರಿನ ಸುಣ್ಣ. ಕಂದು ಮಾತ್ರ ಕರಗದೆ ತೇಲಿತು. ಅದನ್ನು ಕೆಂಡದ ಮೇಲಿಟ್ಟಾಗ ಲಕ್ಕಿಸೊಪ್ಪಿನ ವಾಸನೆ ಬಂತು. ಬಂತೆಂದು ನನಗನ್ನಿಸಿತು, ಲ್ಯಾಬಿನಲ್ಲಾದರೆ ಯಾರೂ ಒಪ್ಪುತ್ತಿರಲಿಲ್ಲ.

ನಾನು ರಜೆಗೆ ಬಂದ ದಿನ ಭಾಗ್ಯ ಹಂಡೆಗೆ ಲಕ್ಕಿಸೊಪ್ಪು ಹಾಕಿ ಕಾಯಿಸುತ್ತಿದ್ದಳು. ಮೈನೋವಿಗೆ ಎಂದು ಊರಿನವರಿಗೆ ಹೇಳುತ್ತಿದ್ದಳು, ಎಣ್ಣೆಯ ನಾತ ಹೋಗಲಿ ಎಂದು ನನಗೆ. ಹಾಗಾದರೆ ಗೆರೆಗಳು ನಾನು ಬಂದ ದಿನಗಳು; ನಡುವಿನ ದಪ್ಪ ಬಿಳುಪೆಲ್ಲ ಅವಳೊಬ್ಬಳೇ ನೀರು ಕಾಯಿಸಿಕೊಂಡದ್ದು. ಬಿಳುಪು ಇಷ್ಟು ದಪ್ಪವಿದ್ದೀತೆಂದು ನನಗೆ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಗೆರೆಯೇ ಇಲ್ಲ. ನಿವೃತ್ತನಾಗಿ ಬಂದ ಮೇಲೆ ಸೊಪ್ಪೆಲ್ಲಿ ಎಂದು ಕೇಳಿದ್ದಕ್ಕೆ, "ದಿನಾ ಮನೇಲಿರೋರ್ಗೆ ಯಾವ ಸೊಪ್ಪು?" ಎಂದಿದ್ದಳು.

"ಏನ್ ಬಂತು ರಿಪೋರ್ಟು?" ಜಯಮ್ಮ ಉಳಿ ಹಿಡಿದು ನಿಂತಿದ್ದಳು.

"ಸುಣ್ಣ," ಎಂದೆ. "ಇಂಗೇ ಇರ್ಲಿ ಬುಡವ್ವ."

"ನೆಂಟ್ರು ತಣ್ಣೀರಲ್ಲಿ ಮೀಯ್ತಾರಾ? ಅತ್ಗೆ ಇದ್ದಿದ್ರೆ ಕೆರೆಯಾಕೆ ನಿನ್ನೇ ಕೂರುಸ್ತಿದ್ರು."

ಅದು ನಿಜ. ಉಳಿ ಇಸಿದುಕೊಂಡು ನಾನೇ ಕೆರೆದೆ. ಮೇಲಿನ ಪದರದಿಂದ ಶುರುಮಾಡಿ, ಮದುವೆಯಾದ ಹೊಸತಿನವರೆಗೆ. ಕೊನೆಗೆ ತಾಮ್ರ ಕೆಂಪಗೆ, ಅಪರಿಚಿತಳಂತೆ ನನ್ನನ್ನು ನೋಡಿತು.

ಸಂಜೆ ಬೇಲಿಯಿಂದ ಲಕ್ಕಿಸೊಪ್ಪು ಮುರಿದು ತಂದು ಹಂಡೆಗೆ ಹಾಕಿ ಸ್ನಾನ ಮಾಡಿದೆ. ನೀರು ಬೇಗನೆ ಕಾಯ್ದದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಮುಂದೆಂದಾದರೂ ನನ್ನಂಥವನೊಬ್ಬ ಇದರ ತಳ ಕೆರೆದು ನೋಡಿದರೆ, ಆ ದಿನ ಯಾರೋ ದೂರದಿಂದ ಮನೆಗೆ ಬಂದಿದ್ದರು ಎಂದು ತಪ್ಪು ವರದಿ ಬರೆದಾನು. ಬರೆಯಲಿ.