ಬೋಗುಣಿಯ ಕಿವಿ ಮತ್ತು ಮೂವರು ಉಪಕಾರಿಗಳು

ಸಿಟ್ಟು ಬಂದ ಕೂಡಲೇ ಕೂಗಾಡಿ ಹಗುರಾಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ಭಾಗ್ಯವಿಲ್ಲ. ಸಿಟ್ಟು ಬಂದಷ್ಟೂ ನನ್ನ ಧ್ವನಿ ಇಳಿಯುತ್ತದೆ, ವಾಕ್ಯಗಳು ಶುದ್ಧವಾಗುತ್ತವೆ, ಕೊನೆಗೆ ‘ದಯವಿಟ್ಟು’ ಎಂಬ ಪದವೂ ಬಂದು ಸೇರಿಕೊಳ್ಳುತ್ತದೆ. ಜನ ಇದನ್ನು ಸೌಜನ್ಯವೆಂದು ತಿಳಿಯುತ್ತಾರೆ. ಹಿಂದವಾಡಿಯ ನಮ್ಮ ಓಣಿಯಲ್ಲಿ ನಾನು ಭಾಳ ಶಾಂತ ಹುಡುಗಿ ಎಂದೇ ಹೆಸರಾಗಿದ್ದೇನೆ. ಈ ಶಾಂತ ಹುಡುಗಿ ದಿನವೂ ಹಲ್ಲು ಕಚ್ಚಿಕೊಂಡು ಓಡಾಡುತ್ತಾಳೆಂಬುದು ನನಗೂ ನನ್ನ ಹಲ್ಲಿನ ಡಾಕ್ಟರಿಗೂ ಮಾತ್ರ ಗೊತ್ತು. ಇನ್ನು, ಕೆಡುಕು ಮಾಡುವವರ ಮೇಲೆ ಸಿಟ್ಟಾಗುವುದು ಸುಲಭ. ಉಪಕಾರ ಮಾಡುವವರ ಮೇಲೆ ಸಿಟ್ಟಾಗಿ ನೋಡಿ. ನೀವು ಬಾಯಿ ತೆರೆಯುವ ಮೊದಲೇ ಅವರು ನಗುತ್ತಾ, ‘ಇರ್ಲಿ ಬಿಡ್ರಿ, ಅದರಾಗೇನೈತಿ’ ಎಂದು ನಿಮ್ಮ ಕೃತಜ್ಞತೆಯನ್ನು ಸ್ವೀಕರಿಸಿಬಿಟ್ಟಿರುತ್ತಾರೆ.

ಪೀರನವಾಡಿಯಲ್ಲಿ ನಮ್ಮ ಸೋದರಮಾವನದೊಂದು ವರ್ಕ್‌ಶಾಪ್ ಇದೆ. ಗೇಟು, ಗ್ರಿಲ್ಲು, ಹಾಲಿನ ಡೇರಿಗಳಿಗೆ ಸ್ಟೀಲಿನ ಕೆಲಸ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ಮಾಮಾ ಅಲ್ಯೂಮಿನಿಯಂ ಬೆಸೆಯುವ ಹೊಸ ಟಿಗ್ ಮಷೀನ್ ತಂದು, ‘ಇದು ನಿಂದು ನೋಡವ್ವಾ’ ಎಂದರು. ನಾನು ನಂಬಿದೆ. ಒಂದು ವಸ್ತು ನಿಮ್ಮದಾಗುವುದೆಂದರೆ ಅದರ ಮೇಲೆ ಬೇರೆಯವರ ಕೈ ಬೀಳದಿರುವುದು ಎಂದು ನಾನು ತಿಳಿದಿದ್ದೆ. ನಮ್ಮ ಕಡೆ ಅದರ ಅರ್ಥ, ಕೆಟ್ಟರೆ ಬೈಸಿಕೊಳ್ಳುವವರು ಯಾರೆಂದು ಗೊತ್ತಾಯಿತು ಎಂದಷ್ಟೇ.

ಅಲ್ಯೂಮಿನಿಯಂ ಎಂಬುದು ನನ್ನ ಸ್ವಭಾವದ ಲೋಹ. ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ, ಅದು ಸುಲಭಕ್ಕೆ ಕರಗುವುದಿಲ್ಲ. ಒಳಗಿನದು ಮಾತ್ರ ಬೇಗ ಕರಗಿ, ಯಾವ ಸೂಚನೆಯನ್ನೂ ಕೊಡದೆ ಕುಸಿದುಬಿಡುತ್ತದೆ. ಆದ್ದರಿಂದ ಮಷೀನನ್ನು ಎಸಿ ಕರೆಂಟಿಗೆ ಹಾಕಬೇಕು. ಆಗ ಕರೆಂಟು ಒಮ್ಮೆ ಪೊರೆಯನ್ನು ಕಿತ್ತು, ಒಮ್ಮೆ ಲೋಹವನ್ನು ಕರಗಿಸುತ್ತದೆ. ಈ ಎರಡಕ್ಕೂ ಎಷ್ಟೆಷ್ಟು ಪಾಲು ಎಂದು ಹೇಳಲು ಒಂದು ನಾಬ್ ಇದೆ. ಕರಗಿಸುವ ಪಾಲು ನೂರಕ್ಕೆ ಎಪ್ಪತ್ತರ ಆಸುಪಾಸು ಇದ್ದರೆ ಚೆನ್ನ. ಕೀಳುವ ಪಾಲು ಹೆಚ್ಚಾದರೆ ಶಾಖವೆಲ್ಲ ತಿರುಗಿ ಟಂಗಸ್ಟನ್ ಮೇಲೆ ಬರುತ್ತದೆ. ಟಂಗಸ್ಟನ್ ಎಂದರೆ ಬೆಂಕಿ ಹೊರಡುವ ಕಡ್ಡಿ. ನಾನು ಬಳಸುವುದು ಬಂಗಾರ ಬಣ್ಣದ ತುದಿಯದು. ಬಣ್ಣವಿಲ್ಲದ ಕಡೆಯ ಮೊನೆಯನ್ನು ಬೇಕೆಂದೇ ಸ್ವಲ್ಪ ಮೊಂಡು ಮಾಡುತ್ತೇನೆ. ಚೂಪಾಗಿದ್ದರೆ ಆ ಶಾಖಕ್ಕೆ ಮೊನೆಯೇ ಕರಗಿ ಬೆಸುಗೆಯೊಳಗೆ ಉದುರುತ್ತದೆ, ಹಾಗೆ ಉದುರಿದ ಜಾಗದಿಂದಲೇ ಬಿರುಕು ಶುರುವಾಗುತ್ತದೆ. ಇಷ್ಟೇ ವಿಷಯ. ಇದನ್ನು ನಾನು ವರ್ಕ್‌ಶಾಪಿನಲ್ಲಿ ಎಷ್ಟು ಸಲ ಮೆಲ್ಲನೆಯ ಧ್ವನಿಯಲ್ಲಿ, ಶುದ್ಧ ವಾಕ್ಯಗಳಲ್ಲಿ ವಿವರಿಸಿದ್ದೇನೆಂದರೆ ಬಾಗಿಲಲ್ಲಿ ಮಲಗುವ ನಾಯಿಗೂ ಬಾಯಿಪಾಠವಾಗಿರಬೇಕು. ಮಷೀನಿಗೆ ‘ದಯವಿಟ್ಟು ಮುಟ್ಟಬೇಡಿ’ ಎಂದು ಕಾಗದವನ್ನೂ ಅಂಟಿಸಿದೆ. ಅಂದಿನಿಂದ ಬಂದವರೆಲ್ಲ ಏನನ್ನು ಮುಟ್ಟಬಾರದು ಎಂದು ಮುಟ್ಟಿ ಖಾತ್ರಿ ಮಾಡಿಕೊಳ್ಳತೊಡಗಿದರು. ಕಾಗದ ಸ್ವಲ್ಪ ಓರೆಯಾಗಿದೆ ಎಂದು ಮಾಮಾ ಅದನ್ನು ಕಿತ್ತು ನೆಟ್ಟಗೆ ಅಂಟಿಸಿದರು.

ಖಾನಾಪುರದಿಂದ ಶಾಂತಕ್ಕ ಬಂದದ್ದು ಅಂಥ ದಿನಗಳಲ್ಲೇ. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುವ ಹೆಂಗಸು. ಟೆಂಪೊದಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ಬೋಗುಣಿ ತಂದಿದ್ದರು. ಹಿಡಿದು ಎತ್ತುವ ಕಿವಿಗಳಲ್ಲೊಂದು ಬೋಗುಣಿಯ ಮೈಯ ಚೂರಿನ ಸಮೇತ ಕಿತ್ತು ಬಂದಿತ್ತು. ಮರುದಿನ ಖಾನಾಪುರದಲ್ಲೇ ಒಂದು ಗೃಹಪ್ರವೇಶ, ಅದರಲ್ಲಿ ಗೋದಿ ಹುಗ್ಗಿ. ಕುದಿಯುವ ಹುಗ್ಗಿ ತುಂಬಿದ ಬೋಗುಣಿಯನ್ನು ಇಬ್ಬರು ಹೆಂಗಸರು ಎತ್ತಿಕೊಂಡು ಜನರ ನಡುವೆ ನಡೆಯುತ್ತಾರೆ. ನನ್ನ ಬೆಸುಗೆ ಬಿಟ್ಟುಹೋದರೆ ಆ ಹುಗ್ಗಿ ಅವರ ಕಾಲ ಮೇಲೆ. ನನಗೆ ಬೇರೇನೂ ಕಾಣಲಿಲ್ಲ, ಆ ಕಾಲುಗಳು ಮಾತ್ರ ಕಂಡವು.

ಬೋಗುಣಿಯ ಕಿತ್ತುಹೋದ ಅಂಚನ್ನು ಗ್ರೈಂಡ್ ಮಾಡಿ, ಅಲ್ಯೂಮಿನಿಯಂಗೆಂದೇ ಮೀಸಲಿಟ್ಟ ಬ್ರಶ್ಶಿನಿಂದ ಉಜ್ಜಿ, ಅಸಿಟೋನಿನಿಂದ ಒರೆಸಿದೆ. ಹಳೆಯ ತುಂಡುಗಳ ಮೇಲೆ ಪ್ರಯತ್ನಿಸಿ ಕರೆಂಟು, ಪಾಲು, ಗ್ಯಾಸು ಎಲ್ಲವನ್ನೂ ಹೊಂದಿಸಿ, ಟಂಗಸ್ಟನ್ ಕೂರಿಸಿ, ಒಂದು ಲೋಟ ಚಹಾ ಕುಡಿಯಲು ಹೊರಗೆ ಹೋದೆ. ಬಂದೆ. ಮುಖವಾಡ ಇಳಿಸಿಕೊಂಡು ಬೆಂಕಿ ಹೊತ್ತಿಸಿದೆ. ಹೊಳೆಯುವ ಕೆರೆಯಂತೆ ಆಗಬೇಕಾದ ಲೋಹ ಕೊಚ್ಚೆಯಂತೆ ಕಪ್ಪಾಯಿತು. ಕಡ್ಡಿಯ ಮೊನೆ ಮುದ್ದೆಯಾಗಿ ತೊಟ್ಟಿಕ್ಕಿತು. ಗಾಬರಿಯಲ್ಲಿ ಕೈ ಹಿಂದೆಗೆಯುವಷ್ಟರಲ್ಲಿ ಅಂಚು ಕುಸಿದು ತೂತಾಯಿತು. ಮುಖವಾಡ ಎತ್ತಿ, ಕಡ್ಡಿ ಕಳಚಿ ನೋಡಿದರೆ ನನ್ನ ಕೈಯಲ್ಲಿದ್ದದ್ದು ನನ್ನ ಬಂಗಾರ ತುದಿಯ ಕಡ್ಡಿಯೇ ಅಲ್ಲ.

“ಇದನ್ನ ಯಾರು ಮುಟ್ಟಿದ್ರಿ?” ಎಂದೆ.

ಅಲ್ಲಿದ್ದ ಮೂವರೂ ಮುಂದೆ ಬಂದರು, ಬಹುಮಾನಕ್ಕೆ ಹೆಸರು ಕೂಗಿದ ಹಾಗೆ. ಮೊದಲು ವರ್ಕ್‌ಶಾಪಿನ ಹಳೆಯ ಬೆಸುಗೆಗಾರ ಯಲ್ಲಪ್ಪಣ್ಣ. ಸ್ಟೀಲಿನ ಕೆಲಸದಲ್ಲಿ ಅವನದು ಎತ್ತಿದ ಕೈ. ಆ ಕೆಲಸಕ್ಕೆ ಕೆಂಪು ತುದಿಯ ಕಡ್ಡಿಯನ್ನು ಸೂಜಿಯಂತೆ ಚೂಪು ಮಾಡಬೇಕು, ಅವನು ಮಾಡುತ್ತಾನೆ. ಅವನ ಲೆಕ್ಕದಲ್ಲಿ ಮೊಂಡು ಟಂಗಸ್ಟನ್ ಎಂದರೆ ಬೆಸುಗೆಗಾರನ ಸೋಮಾರಿತನ. “ನಿಮ್ಮ ಕಡ್ಡಿ ಬೋಳ ಆಗಿತ್ರೀ ಅಕ್ಕಾರ. ಪಾಪ, ಹೆಣ್ಣಮಗಳು ಎಷ್ಟಂತ ಉಜ್ಜೀತು ಅಂತ ನನ್ನ ಕೆಂಪು ಕಡ್ಡೀನ ಚೂಪ್ ಮಾಡಿ ಹಾಕೇನಿ” ಎಂದ. ಕೆಂಪು ಕಡ್ಡಿಯಲ್ಲಿ ಥೋರಿಯಂ ಇರುತ್ತದೆ, ಉಜ್ಜುವಾಗ ಏಳುವ ಪುಡಿ ಉಸಿರಿಗೆ ಒಳ್ಳೆಯದಲ್ಲ ಎಂದು ನಾನು ಹಿಂದೆಯೇ ಹೇಳಿದ್ದೆ. ನನಗಾಗಿ ಅವನು ಅದನ್ನೂ ಉಸಿರಾಡಿದ್ದ. ಎರಡನೆಯವರು ಮಾಮಾ. ಅವರಿಗೆ ಓರೆಯಾದದ್ದೇನನ್ನೂ ಸಹಿಸಲಾಗದು. ಪರರ ಮನೆಯ ಕ್ಯಾಲೆಂಡರನ್ನೂ ಸರಿಪಡಿಸಿಯೇ ಕೂರುವವರು. “ನಾಬ್ ಸೊಟ್ಟ ನಿಂತಿತ್ತವ್ವಾ. ನೆಟ್ಟಗ ಮ್ಯಾಲ ಮಾರಿ ಮಾಡಿ ನಿಲ್ಲಿಸೇನಿ” ಎಂದರು. ನೆಟ್ಟಗೆ ಮೇಲೆಂದರೆ ಐವತ್ತು. ಅರ್ಧ ಶಾಖ ಕಡ್ಡಿಗೆ, ಅದೂ ಸೂಜಿಯಂಥ ಕೆಂಪು ಕಡ್ಡಿಗೆ. ಇಬ್ಬರೂ ಮಾತಾಡಿಕೊಂಡು ಮಾಡಿದ್ದರೂ ಇಷ್ಟು ಚೆನ್ನಾಗಿ ಕೆಡಿಸಲು ಆಗುತ್ತಿರಲಿಲ್ಲ.

ಮೂರನೆಯವರು ಶಾಂತಕ್ಕ. ಕೆಲಸ ಶುರುವಾಗುವ ಮೊದಲು ವಿಭೂತಿ ಹಚ್ಚುವುದು ಅವರ ಪದ್ಧತಿ. ಒಲೆಗೂ ಹಚ್ಚುತ್ತಾರೆ, ಸೌಟಿಗೂ ಹಚ್ಚುತ್ತಾರೆ. ನಾನು ಚಹಾಕ್ಕೆ ಹೋದಾಗ ಬೋಗುಣಿಗೂ ಮೂರು ಬೆರಳಿನಿಂದ ಎಳೆದಿದ್ದರು, ಅದೂ ನಾನು ಉಜ್ಜಿ ಒರೆಸಿ ಫಳಫಳ ಮಾಡಿಟ್ಟ ಜಾಗಕ್ಕೇ. “ಅಲ್ಲೇ ಸ್ವಚ್ಛ ಇತ್ತು ನೋಡವ್ವಾ” ಎಂದರು. ಲೋಹ ಕಪ್ಪಾದದ್ದು ಆ ಬೂದಿಗೇ. ಹಾಗೆಂದು ಅದನ್ನು ತಪ್ಪೆಂದು ಹೇಗೆ ಹೇಳಲಿ? ನಾನೂ ದಿನಾ ಹಚ್ಚಿಕೊಳ್ಳುವವಳೇ. ಆದರೆ ನನ್ನ ಹಣೆಗೆ ಯಾರೂ ವೆಲ್ಡಿಂಗ್ ಮಾಡುವುದಿಲ್ಲ.

ಆಗ ನನ್ನೊಳಗೆ ಏನೋ ಕುಸಿಯಿತು. ಧ್ವನಿ ಇಳಿಯಲಿಲ್ಲ. ವಾಕ್ಯ ಶುದ್ಧವಾಗಲಿಲ್ಲ. “ಮೂರೂ ಮಂದಿ ಕೈ ಹಿಂದ ಕಟ್ಕೊಂಡು ಆ ಬೆಂಚ್ ಮ್ಯಾಲ ಕುಂದರ್ರಿ. ನಾ ಎಬ್ಬಿಸೂ ತನಕ ಏಳಬ್ಯಾಡ್ರಿ” ಎಂದು ಕಿರುಚಿದೆ. ಪಕ್ಕದ ಹಿಟ್ಟಿನ ಗಿರಣಿ ನಿಂತಿತು. ಮಾಲೀಕರಾದ ಮಾಮಾ, ಹಿರಿಯ ಕೆಲಸಗಾರ ಯಲ್ಲಪ್ಪಣ್ಣ, ಗಿರಾಕಿ ಶಾಂತಕ್ಕ, ಮೂವರೂ ಶಾಲೆಯ ಮಕ್ಕಳಂತೆ ಹೋಗಿ ಬೆಂಚಿನ ಮೇಲೆ ಕುಳಿತರು. ಯಲ್ಲಪ್ಪಣ್ಣನಂತೂ ಎರಡೂ ಕೈ ಹಿಂದೆ ಕಟ್ಟಿದವನು ಮೂಗು ತುರಿಸಿದರೂ ಬಿಡಿಸಲಿಲ್ಲ, ಭುಜಕ್ಕೆ ಉಜ್ಜಿಕೊಂಡ.

ಸಿಟ್ಟಿನಲ್ಲೇ ಕೆಟ್ಟ ಭಾಗವನ್ನೆಲ್ಲ ಕತ್ತರಿಸಿ ತೆಗೆದೆ. ಸಿಟ್ಟಿನಲ್ಲೇ ತೇಪೆ ಕೂರಿಸಿದೆ, ಉಜ್ಜಿದೆ, ಒರೆಸಿದೆ, ನನ್ನ ಮೊಂಡು ಕಡ್ಡಿ ಹಾಕಿದೆ. ನಾಬನ್ನು ಮತ್ತೆ ಎಪ್ಪತ್ತಕ್ಕೆ ಸೊಟ್ಟಗೆ ತಿರುಗಿಸುವಾಗ ಬೆಂಚಿನಿಂದ ಒಂದು ನಿಟ್ಟುಸಿರು ಕೇಳಿತು, ತಿರುಗಿ ನೋಡಿದೆ, ನಿಂತಿತು. ಈ ಸಲ ಕೆರೆ ಹೊಳೆಯಿತು. ಕಿವಿ ಕೂತಿತು. ಆರಿದ ಮೇಲೆ ಬೋಗುಣಿಗೆ ಬಾಯಿಮಟ ನೀರು ತುಂಬಿಸಿ, ಆಗ ಮಾತ್ರ ಗಂಡಸರಿಬ್ಬರನ್ನು ಎಬ್ಬಿಸಿ, ಎತ್ತಿಕೊಂಡು ಅಂಗಳ ಸುತ್ತಲು ಹೇಳಿದೆ. ಸುತ್ತಿದರು. ಸಾಕು ಎನ್ನುವ ಧೈರ್ಯ ಅವರಿಗಿರಲಿಲ್ಲ, ಹೇಳುವ ಮನಸ್ಸು ನನಗಿರಲಿಲ್ಲ.

ಮರುದಿನ ಶಾಂತಕ್ಕನ ಕರೆಯ ಮೇರೆಗೆ ಮಾಮಾ ನನ್ನನ್ನು ಖಾನಾಪುರಕ್ಕೆ ಕರೆದುಕೊಂಡು ಹೋದರು. ಊಟಕ್ಕಲ್ಲ, ಆ ಕಿವಿಯನ್ನು ನೋಡಲು ಹೋದೆ. ಹೊಸ ಮನೆಯ ಹಿಂದೆ ಗ್ಯಾಸಿನ ಭಟ್ಟಿಯ ಮೇಲೆ ಬೋಗುಣಿ ಕೂತಿತ್ತು, ಒಳಗೆ ಗೋದಿ ಕೊತಕೊತ ಕುದಿಯುತ್ತಿತ್ತು. ಶಾಂತಕ್ಕ ಬೆಲ್ಲ ತರಲು ಒಳಗೆ ಹೋಗಿದ್ದರು. ಉರಿಯ ನಾಲಗೆ ಬೋಗುಣಿಯ ಮೈಗೇರಿ ನನ್ನ ಬೆಸುಗೆಯ ಕಡೆಗೇ ಚಾಚುತ್ತಿರುವಂತೆ ಕಂಡಿತು. ಬೆಸುಗೆಗೆ ಅಷ್ಟು ಶಾಖ ಯಾಕೆ? ಯಾರಿಗೂ ತೊಂದರೆ ಕೊಡುವುದು ಬೇಡವೆಂದು ನಾನೇ ಬಗ್ಗಿ ಗ್ಯಾಸಿನ ನಾಬನ್ನು ಸ್ವಲ್ಪ ತಿರುಗಿಸಿದೆ. ಆಮೇಲೆ ಇನ್ನೂ ಸ್ವಲ್ಪ.

ಊಟದ ಹೊತ್ತಾಯಿತು. ಮಂದಿ ಬಂದು ಕುಳಿತರು. ಹುಗ್ಗಿ ಬರಲಿಲ್ಲ. ಶಾಂತಕ್ಕ ಸೌಟಿನಲ್ಲಿ ನಾಲ್ಕು ಕಾಳು ಎತ್ತಿ ಹಿಚುಕಿ ನೋಡಿದರು.

“ಗೋದಿ ಇನ್ನ ಅರಳೇ ಇಲ್ಲ. ಉರಿ ಯಾರು ಇಳಿಸಿದ್ರಿ?”

ನಾನು ಮುಂದೆ ಬಂದೆ. ಕಾರಣವನ್ನೂ ಹೇಳಿದೆ, ಮೆಲ್ಲನೆಯ ಧ್ವನಿಯಲ್ಲಿ, ಶುದ್ಧ ವಾಕ್ಯಗಳಲ್ಲಿ. ಶಾಂತಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೌಟಿನಿಂದ ಹಿತ್ತಲ ಕಟ್ಟೆ ತೋರಿಸಿ, “ಕೈ ಹಿಂದ ಕಟ್ಕೊಂಡು ಅಲ್ಲಿ ಕುಂದರ್ರಿ ಎಂಜಿನಿಯರ್ ಬಾಯಾರ. ನಾ ಎಬ್ಬಿಸೂ ತನಕ ಏಳಬ್ಯಾಡ್ರಿ” ಎಂದರು. ಪಂಕ್ತಿಯಲ್ಲಿ ಕುಳಿತಿದ್ದ ಮಾಮಾ ಎದ್ದು ಬಂದು, ನನ್ನ ಪಕ್ಕ ಜಾಗ ಮಾಡಿಕೊಂಡು, ಕಾರಣವಿಲ್ಲದೆಯೇ ಕೈ ಹಿಂದೆ ಕಟ್ಟಿ ಕುಳಿತರು. ತಡವಾಗಿ ಹುಗ್ಗಿ ಅರಳಿತು. ಹೆಂಗಸರಿಬ್ಬರು ಬೋಗುಣಿ ಎತ್ತಿಕೊಂಡು ನಮ್ಮೆದುರೇ ಹಾದುಹೋದರು. ಕಿವಿ ಅಲುಗಲಿಲ್ಲ. ಎಲ್ಲರೂ ನನ್ನನ್ನು ಕ್ಷಮಿಸಿದ್ದಾರೆ, ಅದಕ್ಕೂ ನನಗೆ ಸಿಟ್ಟೇ. ಯಾಕೆಂದರೆ ಯಾರು ಏನೇ ಅನ್ನಲಿ, ಆ ಉರಿ ಸ್ವಲ್ಪ ಜಾಸ್ತಿಯೇ ಇತ್ತು.