ಬ್ಯಾಂಕಿನ ಪರಿಚಯ, ಸಾಸೇಜು ಸಮೇತ

ಎಲ್ಸ್‌ಬೆತ್: ನೀನು ಬರೆದ ಮೂರು ಪುಟಾನೂ ಓದಿದೆ ಕಾಸ್ಪರ್. ಈ ಬ್ಯಾಂಕು ಏನು ಮಾಡುತ್ತೆ ಅಂತ ಇನ್ನೂ ಗೊತ್ತಾಗ್ಲಿಲ್ಲ.

ಕಾಸ್ಪರ್: ಮೊದಲನೇ ಸಾಲಲ್ಲೇ ಇದೆಯಲ್ಲೇ! "ಐವತ್ತು ದೇಶಗಳಲ್ಲಿ ಸಂಪತ್ತಿನ ಸಮಗ್ರ ನಿರ್ವಹಣೆ."

ಎಲ್ಸ್‌ಬೆತ್: ಯಾರ ಸಂಪತ್ತು?

ಕಾಸ್ಪರ್: ಶ್ರೀಮಂತರದ್ದು.

ಎಲ್ಸ್‌ಬೆತ್: ಅವರ ದುಡ್ಡು ಅವರೇ ನೋಡ್ಕೊಳ್ಳೋಕೆ ಏನಂತೆ ಧಾಡಿ?

ಕಾಸ್ಪರ್: ಪುರಸೊತ್ತಿಲ್ಲ ಅವರಿಗೆ.

ಎಲ್ಸ್‌ಬೆತ್: ಯಾಕೆ? ಕೆಲಸಕ್ಕೆ ಹೋಗ್ತಾರಾ?

ಕಾಸ್ಪರ್ ಟ್ರ್ಯಾಮಿನ ಕಿಟಕಿಯಾಚೆ ನೋಡಿದ. ಹನ್ನೊಂದನೇ ನಂಬರಿನ ಟ್ರ್ಯಾಮು ಓರ್ಲಿಕಾನ್ ಕಡೆಗೆ ತಿರುಗುತ್ತಿತ್ತು. ಚಾಲಕ ಬ್ರೇಕನ್ನು ಎರಡು ಕ್ಷಣ ತಡವಾಗಿ ಹಿಡಿದ. ಕಾಸ್ಪರ್‌ಗೆ ಅದು ಮೈಗೆ ಚುಚ್ಚಿದಂತಾಯಿತು. ಜ್ಯೂರಿಕ್‌ನಲ್ಲಿ ಮೂವತ್ತೆಂಟು ವರ್ಷ ಟ್ರ್ಯಾಮು ಓಡಿಸಿದವನು ಅವನು. ಈಗ ನಿವೃತ್ತ ಟ್ರ್ಯಾಮು ಚಾಲಕರ ಷೇರು ಸಂಘಕ್ಕೆ ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಸಂಘದ ಇಪ್ಪತ್ತೆರಡು ಜನರೂ ಲಾಭಾಂಶ ನೆಚ್ಚಿಕೊಂಡವರು. ಷೇರಿನ ಬೆಲೆ ಏರಲಿ ಇಳಿಯಲಿ, ವರ್ಷಕ್ಕೊಮ್ಮೆ ಕೈಗೆ ಏನಾದರೂ ಬಂದರೆ ಸರಿ ಎನ್ನುವವರು. ವೀಸೆನ್‌ಡಾಂಗರ್ ಬ್ಯಾಂಕಿನ ಷೇರುಗಳನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂದು ನಾಳೆ ಸಂಘದಲ್ಲಿ ಕೈ ಎತ್ತುವುದಿತ್ತು. ಅದಕ್ಕೆ ಮೊದಲು ಬ್ಯಾಂಕಿನ ಪರಿಚಯ ಓದಬೇಕಾದವನು ಕಾಸ್ಪರ್. ಹೋದ ವರ್ಷ ಅವನು ಓದುವಾಗ ಹಿಂದಿನ ಸಾಲಿನಿಂದ ಯಾರೋ "ಕೊನೇ ಸ್ಟಾಪು ಬಂತಾ?" ಎಂದು ಕೇಳಿದ್ದರು. ಈ ಸಲವೂ ಹಾಗಾದರೆ ಕಾರ್ಯದರ್ಶಿ ಸ್ಥಾನ ಸಂಘದ ಇನ್ನೊಬ್ಬ ಸದಸ್ಯ ಹುನ್ಸಿಕರ್‌ನ ಪಾಲಾಗುವುದು ಖಂಡಿತ.

ಕಾಸ್ಪರ್: ಹುನ್ಸಿಕರ್! ಮೂವತ್ತು ವರ್ಷ ನಾಲ್ಕನೇ ನಂಬರ್ ಓಡಿಸಿ ಒಂದು ಸಲಾನೂ ಸರಿಯಾಗಿ ಸ್ಟಾಪಲ್ಲಿ ನಿಲ್ಲಿಸ್ಲಿಲ್ಲ ಅವನು. ಮುದುಕೀರೆಲ್ಲ ಅವನಿಂದಲೇ ಓಡೋದು ಕಲಿತ್ರು.

ಎಲ್ಸ್‌ಬೆತ್: ಆದ್ರೆ ಅವನು ಮಾತಾಡಿದ್ರೆ ಅರ್ಥ ಆಗುತ್ತೆ. ನೀನೋ, "ಬಹುಆಯಾಮದ ಬದ್ಧತೆ" ಅಂತ ಬರೆದಿದ್ದೀಯ. ಏನಪ್ಪಾ ಅದು?

ಕಾಸ್ಪರ್: ಅದು... ಬ್ಯಾಂಕಿನವರ ಪುಸ್ತಕದಲ್ಲೇ ಇದೆ.

ಎಲ್ಸ್‌ಬೆತ್: ಅವರು ತಮ್ಮ ಬಗ್ಗೆ ತಾವೇ ಹೊಗಳಿಕೊಂಡಿದ್ದನ್ನ ನೀನು ಚೊಕ್ಕ ಅಕ್ಷರದಲ್ಲಿ ಇಳಿಸಿದ್ದೀಯ. ಅದಿರಲಿ, ಈ ಆಮಂತ್ರಣ ನೋಡಿದ್ಯಾ? ಹೋದ ವರ್ಷ "ಸಭೆಯ ನಂತರ ಭೋಜನ" ಅಂತಿತ್ತು. ಈ ಸಲ "ಸಭೆಯ ನಂತರ ಪಾನೀಯ"!

ಕಾಸ್ಪರ್: ಜಾಗತಿಕ ಬ್ಯಾಂಕಿನ ಮಹಾಸಭೆಗೆ ಹೋಗ್ತಿದ್ದೀವಿ ಎಲ್ಸ್‌ಬೆತ್. ಮದುವೆ ಮನೆಗಲ್ಲ.

ಎಲ್ಸ್‌ಬೆತ್: ಮತ್ತೆ ಬೆಳಗ್ಗೆ ತಿಂಡಿ ಯಾಕೆ ಬಿಟ್ಟೆ?

ಕಾಸ್ಪರ್ ಅವಳ ಕೈಯಿಂದ ಪುಟಗಳನ್ನು ತೆಗೆದುಕೊಂಡು ಮಡಚಿದ. ಎಲ್ಸ್‌ಬೆತ್ ಸೇಂಟ್ ಗಾಲನ್ ಊರಿನ ಮಾಂಸದಂಗಡಿಯವರ ಮಗಳು. ಯಾವ ಕಂಪನಿಯನ್ನಾದರೂ ಅವಳು ಅಳೆಯುತ್ತಿದ್ದುದು ಮಹಾಸಭೆಯಲ್ಲಿ ಅವರು ಬಡಿಸುವ ಸಾಸೇಜಿನಿಂದ. ಹೆಣ್ಣು ನೋಡಲು ಹೋದ ದಿನ ಕಾಸ್ಪರ್ ಅವಳ ಮನೆಯಲ್ಲಿ ಬಿಳಿ ಸಾಸೇಜಿಗೆ ಸಾಸಿವೆ ಗೊಜ್ಜು ಕೇಳಿದ್ದ. ಆ ಊರಿನಲ್ಲಿ ಅದನ್ನು ಕೇಳುವುದೆಂದರೆ ಮಾಂಸ ಹಳಸಿದೆ ಎಂದು ಹೇಳಿದ ಹಾಗೆ. ಮಾವ ಕತ್ತಿ ಕೆಳಗಿಟ್ಟು ಎದ್ದು ಹೋಗಿದ್ದರು. ಆಮೇಲಿನ ನಲವತ್ತೊಂದು ವರ್ಷ ಅವನು ಮನೆಯಲ್ಲಿ ಸಾಸಿವೆಯ ಹೆಸರೆತ್ತಿರಲಿಲ್ಲ.

ಮಹಾಸಭೆ ನಡೆಯುತ್ತಿದ್ದ ಓರ್ಲಿಕಾನ್‌ನ ಐಸ್-ಹಾಕಿ ಆಟದ ಕ್ರೀಡಾಂಗಣದಲ್ಲಿ ಎರಡು ಸಾವಿರ ಷೇರುದಾರರು ಕೂತಿದ್ದರು. ಅರ್ಧ ಜನರಿಗೆ ಆಗಲೇ ಜೊಂಪು ಹತ್ತಿತ್ತು. ಅಧ್ಯಕ್ಷ ಡಾಕ್ಟರ್ ಷ್ಟ್ರೈಫ್ ಮತಕ್ಕೆ ಬರಲಿದ್ದ ತಮ್ಮ ಸಂಬಳದ ವಿಷಯ ವಿವರಿಸಿ ಮುಗಿಸಿದರು. ಯಾರೂ ಕಣ್ಣು ತೆರೆಯಲಿಲ್ಲ. ಪ್ರಶ್ನೆಯ ಸರದಿ ಬಂತು. ಕಾಸ್ಪರ್ ಕೋಟಿನ ಗುಂಡಿ ಹಾಕಿಕೊಂಡು ಮೈಕಿನ ಮುಂದೆ ನಿಂತ.

ಕಾಸ್ಪರ್: ಮಾನ್ಯ ಅಧ್ಯಕ್ಷರೇ, ನಮ್ಮ ಸಂಘದವರು ಲಾಭಾಂಶ ನಂಬಿರೋರು. ನಿಮ್ಮ ಬ್ಯಾಂಕು ಏನು ಅಂತ ಅವರಿಗೆ ಒಂದೇ ಮಾತಲ್ಲಿ ಹೇಳ್ಬೇಕು. ಏನು ಹೇಳ್ಲಿ?

ಅಧ್ಯಕ್ಷರು: ಬಹಳ ಒಳ್ಳೆಯ ಪ್ರಶ್ನೆ. ನಮ್ಮದು ಬಹುಆಯಾಮದ ಬದ್ಧತೆ. ಮೌಲ್ಯದ ಸರಪಳಿಯುದ್ದಕ್ಕೂ ನಾವು ಗ್ರಾಹಕಕೇಂದ್ರಿತ ಸ್ಥೈರ್ಯವನ್ನು ಕಾಯ್ದುಕೊಂಡು, ಮುನ್ನೋಟದ ಶಿಸ್ತಿನೊಂದಿಗೆ...

ಆರು ನಿಮಿಷವಾಯಿತು. ಕಾಸ್ಪರ್‌ನ ಪೆನ್ನು "ಸರಪಳಿ" ಎಂಬಲ್ಲಿಗೆ ನಿಂತಿತ್ತು. ಹುನ್ಸಿಕರ್‌ನ ನಗು ಅವನ ಕಿವಿಯಲ್ಲಿ ಕೇಳತೊಡಗಿತು. ಅಷ್ಟರಲ್ಲಿ ಹಿಂದಿನಿಂದ ಪರಿಚಯದ ಮೊಣಕೈಯೊಂದು ಅವನನ್ನು ಪಕ್ಕಕ್ಕೆ ಸರಿಸಿತು.

ಎಲ್ಸ್‌ಬೆತ್: ಸ್ವಾಮಿ, ನಂದು ಚಿಕ್ಕ ಪ್ರಶ್ನೆ. ಸಭೆ ಆದ್ಮೇಲೆ ಸಾಸೇಜು ಇದೆಯೋ ಇಲ್ವೋ?

ಅಧ್ಯಕ್ಷರು: ಅದು... ಈ ವರ್ಷ ಆತಿಥ್ಯವನ್ನು ಮರುವಿನ್ಯಾಸಗೊಳಿಸಿ...

ಎಲ್ಸ್‌ಬೆತ್: ಇದೆಯೋ, ಇಲ್ವೋ?

ಅಧ್ಯಕ್ಷರು: ಕಿತ್ತಳೆ ರಸ ಇದೆ.

ಎರಡು ಸಾವಿರ ಜನ ಒಟ್ಟಿಗೆ ಎಚ್ಚರಾದರು. ಮೊದಲು ಗುಜುಗುಜು, ಆಮೇಲೆ ಬೂಟುಗಾಲು ನೆಲಕ್ಕೆ ಕುಟ್ಟುವ ಸದ್ದು. ಐವತ್ತು ದೇಶಗಳ ಬಗ್ಗೆ ಚೀಟಿ ನೋಡದೆ ಮಾತಾಡಿದ್ದ ಡಾಕ್ಟರ್ ಷ್ಟ್ರೈಫ್ ಮೂವರು ವಕೀಲರ ಜೊತೆ ತಲೆಗೆ ತಲೆ ಕೂಡಿಸಿದರು. ಸಭೆಗೆ ಹತ್ತು ನಿಮಿಷ ಬಿಡುವು ಕೊಟ್ಟರು. ಮರಳಿ ಬಂದಾಗ ಮುಖ ಸುಣ್ಣದ ಹಾಗಿತ್ತು.

ಅಧ್ಯಕ್ಷರು: ಷೇರುದಾರರ ಅಭಿಪ್ರಾಯವೇ ನಮಗೆ ಮುಖ್ಯ. ಎಲ್ಲರಿಗೂ ಒಂದೊಂದು ಸಾಸೇಜು, ಬ್ರೆಡ್ಡು.

ಚಪ್ಪಾಳೆಯ ಸುರಿಮಳೆ. ಅದೇ ಹುರುಪಿನಲ್ಲಿ ಅಧ್ಯಕ್ಷರ ಸಂಬಳದ ಪರವಾಗಿ ನೂರಕ್ಕೆ ತೊಂಬತ್ತೇಳು ಮತ ಬಿತ್ತು.

ಊಟದ ಉದ್ದನೆಯ ಮೇಜಿನ ಬಳಿ ಗಂಡಹೆಂಡಿರು ಜಾಗ ಹಿಡಿದರು. ಕಾಸ್ಪರ್ ತನ್ನ ಮೂರು ಪುಟಗಳನ್ನು ಮೇಜಿನ ಮೇಲೆ ಹರವಿದ.

ಕಾಸ್ಪರ್: ನಿಂಗೆ ಸಾಸೇಜು ಸಿಕ್ತು. ನನ್ನ ಗತಿ? ನಾಳೆ ಏನು ಓದ್ಲಿ ನಾನು?

ಎಲ್ಸ್‌ಬೆತ್: ತಡಿ ಮಾರಾಯ. ಮೊದಲು ತಿನ್ನೋಣ.

ತಟ್ಟೆಗಳು ಬಂದವು. ಬಿಳಿ ಸಾಸೇಜು, ತಲೆಯಿಂದ ಬಾಲದವರೆಗೆ ದಪ್ಪಗೆ ಸಾಸಿವೆ ಗೊಜ್ಜು ಬಳಿದಿತ್ತು. ಎಲ್ಸ್‌ಬೆತ್‌ಳ ಮುಖ ಅವಳಪ್ಪನ ಮುಖವಾಯಿತು.

ಎಲ್ಸ್‌ಬೆತ್: ಯಾರು ಹೇಳಿದ್ದು ಇದನ್ನ ಹಚ್ಚೋಕೆ?

ಬಡಿಸುವವಳು: ಎಲ್ಲ ದೇಶದವರಿಗೂ ಹಿಡಿಸ್ಲಿ ಅಂತ ಮೇಲಿನವರೇ ಹೇಳಿದ್ದು ಮೇಡಂ.

ಎಲ್ಸ್‌ಬೆತ್: ಒರೆಸೋಕೆ ಕಾಗದ ಕೊಡಮ್ಮ.

ಬಡಿಸುವವಳು: ಅದು ಈ ವರ್ಷ ಇಲ್ಲ ಮೇಡಂ. ಖರ್ಚು ಕಡಿತ.

ಎಲ್ಸ್‌ಬೆತ್ ಸುತ್ತಮುತ್ತ ನೋಡಿದಳು. ಕಾಸ್ಪರ್ ತಡೆಯುವಷ್ಟರಲ್ಲಿ ಅವನ ಮೊದಲ ಪುಟ ಸಾಸೇಜಿನ ಬೆನ್ನಿನ ಮೇಲಿತ್ತು.

ಕಾಸ್ಪರ್: ಅಯ್ಯೋ! ಐವತ್ತು ದೇಶ ಕಣೇ ಅದು!

ಎಲ್ಸ್‌ಬೆತ್: ಚೆನ್ನಾಗಿ ಹೀರ್ಕೊಳ್ಳುತ್ತೆ. ಎರಡನೇದೂ ಕೊಡು.

ಕಾಸ್ಪರ್ ನೋಡುತ್ತ ಕೂತ. ಎರಡನೇ ಪುಟದ ಬದ್ಧತೆಯೂ ಹಳದಿಯಾಯಿತು. ಅವನಿಗೆ ಏನೋ ಹೊಳೆದಂತಾಗಿ, ಉಳಿದ ಮೂರನೇ ಪುಟ ಎಳೆದುಕೊಂಡು ಅದರ ಬೆನ್ನಿಗೆ ಗೀಚಿದ. ಬರೆದಿದ್ದನ್ನು ಗಟ್ಟಿಯಾಗಿ ಓದಿದ.

ಕಾಸ್ಪರ್: "ಈ ಬ್ಯಾಂಕಿನವರು ಗದ್ದಲ ಮಾಡಿದರೆ ಕೊಡುತ್ತಾರೆ. ಕೊಡುವಾಗ ನಾವು ಕೇಳದ್ದನ್ನೂ ಬಳಿದು ಕೊಡುತ್ತಾರೆ. ಒರೆಸಿಕೊಂಡು ತಿನ್ನುವ ತಾಳ್ಮೆ ಇದ್ದವರು ಷೇರು ಇಟ್ಟುಕೊಳ್ಳಿ. ಇಲ್ಲದವರು ಮಾರಿ."

ಪಕ್ಕದಲ್ಲಿ ಕೂತಿದ್ದ ಅಪರಿಚಿತ ಮುದುಕನೊಬ್ಬ ತಿನ್ನುವುದು ನಿಲ್ಲಿಸಿ, ತನಗೂ ಅದರದೊಂದು ಪ್ರತಿ ಬೇಕೆಂದ. ಎಲ್ಸ್‌ಬೆತ್ ಸಾಸೇಜು ಅಗಿಯುತ್ತ ತಲೆದೂಗಿದಳು.

ಎಲ್ಸ್‌ಬೆತ್: ಹುನ್ಸಿಕರ್ ಇನ್ನು ಕನಸಲ್ಲಿ ನಾಲ್ಕನೇ ನಂಬರೇ ಓಡಿಸ್ಕೊಂಡಿರ್ಲಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿನ್ನ ಬರಹದ ಮೂರು ಪುಟಾನೂ ಉಪಯೋಗಕ್ಕೆ ಬಂತು.

ಕಾಸ್ಪರ್: ಹಾಗಾದ್ರೆ ನಾವು ಇಟ್ಕೊಳ್ಳೋಣ್ವಾ, ಮಾರೋಣ್ವಾ?

ಎಲ್ಸ್‌ಬೆತ್: ಅದನ್ನ ಆಮೇಲೆ ನೋಡೋಣ. ಮೊದಲು, ನಲವತ್ತೊಂದು ವರ್ಷದಿಂದ ಬಾಯಿ ಕಟ್ಟಿಕೊಂಡಿರೋನು ಸಾಸಿವೆ ಮೆತ್ತಿದ ಆ ಎರಡು ಪುಟ ಬಚ್ಚಿಟ್ಕೊಂಡು ಯಾಕೆ ನೆಕ್ತಿದ್ದೀಯ, ಅದನ್ನ ಹೇಳು.